ಕಲಘಟಗಿಯ ದಾರಿಯಲ್ಲಿ 20 ನಿಮಿಷ

ಹುಬ್ಬಳ್ಳಿಯಿಂದ ಕಾರವಾರದ ಹೆದ್ದಾರಿ ಹಿಡಿದು ಪಶ್ಚಿಮಕ್ಕೆ ಹೊರಟರೆ 30 ಕಿಲೋಮೀಟರಿನ ಆಸುಪಾಸಿನಲ್ಲಿ ಕಲಘಟಗಿ. ಬಣ್ಣದ ತೊಟ್ಟಿಲುಗಳಿಗೆ ಹೆಸರಾದ ಊರು. ಬೆನ್ನ ಹಿಂದೆ ಕುಂದಗೋಳ, ನವಲಗುಂದಗಳ ಎರೆನೆಲ. ಎದುರಿಗೆ ಯಲ್ಲಾಪುರದ ಕಾಡು. ಬಯಲುಸೀಮೆ ಮುಗಿದು ಮಲೆನಾಡು ಮೊದಲಾಗುವ ಈ ಸೆರಗು ಮಳೆಗಾಲದಲ್ಲಿ ಕಣ್ಣಿಗೆ ಹಬ್ಬ. ಹಾವುಗಳಿಗೂ ಅಷ್ಟೇ ಪ್ರಿಯವಾದ ನೆಲ.

ಶ್ರಾವಣದಲ್ಲಿ ಜೋಕಾಲಿ ಕಟ್ಟಿ, ಅಳ್ಳು-ಉಂಡಿ ಹಂಚಿ ನಮ್ಮ ಮನೆಗಳಲ್ಲಿ ಪೂಜೆಗೊಳ್ಳುವುದು ಮಣ್ಣಿನ ನಾಗಪ್ಪ. ಅದೇ ದಿನಗಳಲ್ಲಿ ಕಳೆ ಕೀಳುವ ಕೈಗೆ ಎದುರಾಗುವುದು ಕೊಳಕುಮಂಡಲ. 2000ದಿಂದ 2019ರವರೆಗೆ ನಮ್ಮ ದೇಶದಲ್ಲಿ ವರ್ಷಕ್ಕೆ ಸರಾಸರಿ 58 ಸಾವಿರ ಜನ ಹಾವು ಕಚ್ಚಿ ಸತ್ತರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ, ಹೆಚ್ಚಿನವರು ಹಳ್ಳಿಯವರು. ಕರ್ನಾಟಕ ಸರಕಾರ 2024ರಲ್ಲಿ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ತಡವಾಗಿ ಬಂದರೂ ಒಳ್ಳೆಯ ಹೆಜ್ಜೆ.

ಕಚ್ಚಿಸಿಕೊಂಡವರನ್ನು ಕರೆತಂದಾಗ ತಾಲ್ಲೂಕಿನ ವೈದ್ಯರ ಮುಂದಿರುವ ಪ್ರಶ್ನೆ ಸುಲಭದ್ದಲ್ಲ. ಕಚ್ಚಿದ್ದು ವಿಷದ ಹಾವೋ ಅಲ್ಲವೋ? ವಿಷದ್ದಾದರೂ ವಿಷ ಮೈಗೇರಿದೆಯೋ? ಬರಿಯ ಹಲ್ಲೂರಿ ವಿಷ ಬಿಡದೆ ಹೋಗುವುದೂ ಉಂಟು. ಪ್ರತಿವಿಷವನ್ನು ಕುದುರೆಯ ರಕ್ತದಿಂದ ತಯಾರಿಸುವುದರಿಂದ ಅದೇ ಕೆಲವರಿಗೆ ಪ್ರಾಣಾಂತಿಕವಾಗಿ ಒಗ್ಗದೆ ಹೋಗಬಹುದು. ಆದ್ದರಿಂದ ಬಂದವರಿಗೆಲ್ಲ ಕೊಡುವಂತಿಲ್ಲ, ಬೇಕಾದವರಿಗೆ ತಡಮಾಡುವಂತಿಲ್ಲ.

ಇಲ್ಲಿ ನೆರವಿಗೆ ಬರುವುದು ದೊಡ್ಡ ಯಂತ್ರವಲ್ಲ, ಒಂದು ಗಾಜಿನ ಕೊಳವೆ. ಸುಮಾರು 2 ಮಿಲಿಲೀಟರ್ ರಕ್ತ ತೆಗೆದು, ಒಣಗಿದ ಹೊಸ ಕೊಳವೆಯಲ್ಲಿ ಹಾಕಿ, 20 ನಿಮಿಷ ಅಲುಗಿಸದೆ ಇಡುತ್ತಾರೆ. ಆಮೇಲೆ ಒಮ್ಮೆ ಮಾತ್ರ ಓರೆ ಮಾಡಿ ನೋಡುತ್ತಾರೆ. ನೀರಿನಂತೆ ಹರಿದರೆ ಮಂಡಲದ ವಿಷ ಕೆಲಸ ಮಾಡಿದೆ. ರಕ್ತ ಹೆಪ್ಪುಗಟ್ಟಿಸುವ ಅಂಶಗಳನ್ನು ಅದು ಬರಿದು ಮಾಡಿಬಿಟ್ಟಿದೆ. ಗಾಜೇ ಏಕೆಂದರೆ, ಗಾಜಿನ ಮೈ ಸೋಕಿದಾಗ ರಕ್ತ ಹೆಪ್ಪುಗಟ್ಟಲು ತೊಡಗುತ್ತದೆ. ಪ್ಲಾಸ್ಟಿಕ್ಕಿಗೆ ಆ ಗುಣವಿಲ್ಲ. ಸೋಪಿನಿಂದ ತೊಳೆದ ಕೊಳವೆಯೂ ಸುಳ್ಳು ಹೇಳುತ್ತದೆ. ಹೆಪ್ಪುಗಟ್ಟಿದರೆ ಮನೆಗೆ ಕಳಿಸುವುದಿಲ್ಲ. ಮತ್ತೆ ಮತ್ತೆ ಅದೇ ಪರೀಕ್ಷೆ. ಹರಿದರೆ ಮೊದಲಿಗೆ 10 ಸೀಸೆ ಪ್ರತಿವಿಷ, ಪಕ್ಕದಲ್ಲೇ ಅಡ್ರಿನಲಿನ್ ಸಿದ್ಧ. ಮಗುವಿಗೂ ಅಷ್ಟೇ ಪ್ರಮಾಣ. ಹಾವು ಮಗುವೆಂದು ವಿಷ ಕಡಿಮೆ ಬಿಟ್ಟಿರುವುದಿಲ್ಲವಷ್ಟೆ!

ಕಟ್ಟುಹಾವಿನ ರೀತಿಯೇ ಬೇರೆ. ನೆಲದ ಮೇಲೆ ಮಲಗಿದವರನ್ನು ನಡುರಾತ್ರಿ ಕಚ್ಚುತ್ತದೆ. ನೋವಿಲ್ಲ, ಬಾವಿಲ್ಲ, ಗುರುತೂ ಕಾಣದು. ಬೆಳಗಿನ ಜಾವ ಹೊಟ್ಟೆನೋವು, ಆಮೇಲೆ ರೆಪ್ಪೆ ಜೋಲುತ್ತದೆ. ಇದಕ್ಕೆ ಕೊಳವೆಯ ಸಾಕ್ಷಿ ಸಿಗದು. ತಲೆ ಎತ್ತಲು ಆಗುತ್ತದೆಯೇ, ಒಂದೇ ಉಸಿರಿನಲ್ಲಿ ಎಷ್ಟರವರೆಗೆ ಎಣಿಸಬಲ್ಲರು ಎಂದು ನೋಡುತ್ತಾರೆ. ಎಣಿಕೆ ಇಳಿಯತೊಡಗಿದರೆ ಉಸಿರು ನಿಲ್ಲುವ ಹೊತ್ತು ಹತ್ತಿರವಾಯಿತೆಂದೇ ತಿಳಿಯಬೇಕು. ಪ್ರತಿವಿಷ ಶುರುಮಾಡದೆ ದೊಡ್ಡ ಊರಿಗೆ ಸಾಗಿಸುವುದು ಅಪಾಯ. ಶುರುಮಾಡಿ ಅಲ್ಲೇ ಇರಿಸಿಕೊಳ್ಳೋಣವೆಂದರೆ ಕೃತಕ ಉಸಿರಾಟದ ಯಂತ್ರವಿರಬೇಕು. ಆ ಯಂತ್ರವಿರುವುದು ಹುಬ್ಬಳ್ಳಿಯ ವಿದ್ಯಾನಗರದಲ್ಲಿ, 1957ರಲ್ಲಿ ಕರ್ನಾಟಕ ವೈದ್ಯಕೀಯ ಕಾಲೇಜೆಂದು ಆರಂಭವಾಗಿ ಜನರ ಬಾಯಲ್ಲಿ ಕಿಮ್ಸ್ ಎಂದೇ ಉಳಿದ ಆಸ್ಪತ್ರೆಯಂಥ ಕಡೆಗಳಲ್ಲಿ.

ಯಲ್ಲಾಪುರದತ್ತ ಘಟ್ಟ ಸೇರಿದರೆ ಇನ್ನೊಂದು ತೊಡಕು. ತರಗೆಲೆಯ ಬಣ್ಣದ ಗೂನುಮೂಗಿನ ಗುಳಿಮಂಡಲ ಪಶ್ಚಿಮಘಟ್ಟದ ವಾಸಿ. ನಮ್ಮ ಪ್ರತಿವಿಷ ನಾಗರ, ಕಟ್ಟು, ಕೊಳಕುಮಂಡಲ, ಗರಗಸಮಂಡಲ ಈ ನಾಲ್ಕಕ್ಕೆ ಮಾತ್ರ, ಐದನೆಯದಕ್ಕೆ ನಾಟದು. ಅದು ಮೂತ್ರಪಿಂಡವನ್ನೇ ಕೆಡಿಸಬಲ್ಲದು. ಹಾವನ್ನು ಕೊಂದು ತರುವುದು ಬೇಡ. ಆಗುವಂತಿದ್ದರೆ ದೂರದಿಂದ ತೆಗೆದ ಫೋಟೋ ಸಾಕು. ಬಿಗಿಯಾಗಿ ಹಗ್ಗ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು, ಇವೆಲ್ಲ ಹಾನಿಯೇ. ಉಂಗುರ, ಬಳೆ ತೆಗೆದು, ಕೈಕಾಲು ಅಲುಗದಂತೆ ಪಟ್ಟಿ ಕಟ್ಟಿ, ನಡೆಸದೆ ಕರೆತರಬೇಕು.

ರಾತ್ರಿ ಈ ದಾರಿಯಲ್ಲಿ ಹುಬ್ಬಳ್ಳಿಯ ಕಡೆಗೆ ಓಡುವ 108ರ ವಾಹನದೊಳಗೆ ಒಮ್ಮೊಮ್ಮೆ ಉಸಿರು ನಿಂತವರೊಬ್ಬರು ಮಲಗಿರುತ್ತಾರೆ. ಪಕ್ಕದಲ್ಲಿ ಕುಳಿತವರು ರಬ್ಬರಿನ ಚೀಲವನ್ನು ಐದಾರು ಸೆಕೆಂಡಿಗೊಮ್ಮೆ ಹಿಚುಕುತ್ತ, ವಿದ್ಯಾನಗರದ ದೀಪ ಕಾಣುವವರೆಗೆ ಆ ಕೈಯನ್ನು ಬಿಡುವುದಿಲ್ಲ.