ಮೇಲಿನಿಂದ ತೂಗುವ ಗಾಲಿ

ಅಮೀನಗಡದಿಂದ ಐಹೊಳೆಯ ದಾರಿ ಹಿಡಿಯುವಷ್ಟರಲ್ಲೇ ಎಡಗಡೆಯ ಮುಂಗಾಲಿ ಪಂಕ್ಚರ್. ರಸ್ತೆಬದಿಯ ಅಂಗಡಿಯ ಹುಡುಗ ಜಾಕ್ ಏರಿಸಿ, ಮೊಳೆ ಕಿತ್ತು, ರಬ್ಬರ್ ಬತ್ತಿ ತುರುಕಿ, “ಎಷ್ಟ್ ಗಾಳಿ ಹಾಕ್ಲಿರಿ ಸರ, 33?” ಅಂದ. ಗಾಲಿ ಇನ್ನೂ ನೆಲ ಮುಟ್ಟಿರಲಿಲ್ಲ. ಗೇಜಿನ ಮುಳ್ಳು 33ಕ್ಕೆ ನಿಂತಿತು. ಜಾಕ್ ಇಳಿಸಿದ. ಟೈರಿನ ತಳ ಚಪ್ಪಟೆಯಾಗಿ, ಪಕ್ಕಗಳು ನೆಲದ ಹತ್ತಿರ ತುಸು ಉಬ್ಬಿದವು. ಮತ್ತೆ ಗೇಜು ಒತ್ತಿದರೆ ಮುಳ್ಳು ಅದೇ 33ರಲ್ಲಿ!

ಮಂದಿ ಕೂತ ಕಾರಿನ ಒಂದೊಂದು ಗಾಲಿಯ ಮೇಲೆ ಸುಮಾರು 300 ಕಿಲೋ ಭಾರ. ಅಷ್ಟು ಬಿದ್ದರೂ ಗಾಳಿಯ ಒತ್ತಡ ಮುಳ್ಳಿಗೆ ತಿಳಿಯುವಷ್ಟೂ ಹೆಚ್ಚಲಿಲ್ಲ. ಹಾಗಾದರೆ ಭಾರ ಹೊತ್ತದ್ದು ಯಾವುದು?

ನೆಲದ ಲೆಕ್ಕ ಸಲೀಸು. ಚದರ ಇಂಚಿಗೆ 33 ಪೌಂಡ್ ಅಂದರೆ ಚದರ ಸೆಂಟಿಮೀಟರಿಗೆ 2.3 ಕಿಲೋ; ಸುಮಾರು 130 ಚದರ ಸೆಂಟಿಮೀಟರು ನೆಲಕ್ಕೆ ಒತ್ತಿಕೊಂಡರೆ ಸಾಕು. ಸೋಜಿಗವಿರುವುದು ರಿಮ್ಮಿನಲ್ಲಿ. ಗಾಳಿ ಅದನ್ನು ಸುತ್ತಲೂ ಸಮನಾಗಿ ಒತ್ತುತ್ತದೆ, ಕೆಳಗಿನಿಂದ ಎತ್ತಿದಷ್ಟೇ ಮೇಲಿನಿಂದ ಅದುಮುತ್ತದೆ. ಎತ್ತಿ ಹಿಡಿಯುವುದು ಟೈರಿನ ಗೋಡೆಯೊಳಗಿನ ನೂಲು. ಗಾಳಿಯಿಂದ ಬಿಗಿದ ನೂಲುಗಳು ರಿಮ್ಮನ್ನು ಎಲ್ಲ ದಿಕ್ಕಿಗೂ ಹಗ್ಗಜಗ್ಗಾಟದಂತೆ ಹೊರಕ್ಕೆ ಎಳೆಯುತ್ತಿರುತ್ತವೆ. ತಳದಲ್ಲಿ ಗೋಡೆ ಉಬ್ಬಿದಾಗ ಅಲ್ಲಿನ ಎಳೆತ ಪಕ್ಕಕ್ಕೆ ವಾಲಿ ಸಡಿಲುತ್ತದೆ, ಮೇಲಿನವು ಬಿಡುವುದಿಲ್ಲ. ನಮ್ಮ ಕಾರು ಟೈರಿನ ಮೇಲ್ಭಾಗಕ್ಕೆ ಜೋತುಬಿದ್ದು ಓಡಾಡುತ್ತದೆ!

ಇದೇ ಗುಂಗಿನಲ್ಲಿ ಐಹೊಳೆಯ ಲಾಡಖಾನ್ ಗುಡಿ ಹೊಕ್ಕರೆ, ಇಲ್ಲಿ ಎಲ್ಲವೂ ತಿರುವುಮುರುವು. ಮರಳುಗಲ್ಲು ಎಷ್ಟು ಅದುಮಿದರೂ ತಾಳುತ್ತದೆ, ಎಳೆದರೆ ಬಿರಿಯುತ್ತದೆ. ಭಾರ ಹೊತ್ತ ತೊಲೆಯ ಅಡಿಮೈ ಎಳೆತಕ್ಕೆ ಸಿಗುತ್ತದೆ. ಅದಕ್ಕೇ ತೊಲೆ ಗಿಡ್ಡ, ಕಂಬ ಒತ್ತೊತ್ತು. ಇಳಿಜಾರು ಚಪ್ಪಡಿಗಳು, ಅವುಗಳ ಸಂದು ಮುಚ್ಚಿದ ಉದ್ದುದ್ದ ಕಲ್ಲುಪಟ್ಟಿಗಳು, ಎಲ್ಲದರ ಭಾರವೂ ಆ ದಪ್ಪ ಚೌಕಕಂಬಗಳಿಂದ ನೆಟ್ಟಗೆ ನೆಲಕ್ಕೆ. ಒಂದು ಕಂಬಕ್ಕೆ ಅಂಗೈ ಒತ್ತಿ ನಿಂತೆ. ಚಾಲುಕ್ಯ ಶಿಲ್ಪಿಗಳಿಗೆ ಕಲ್ಲಿನ ಸ್ವಭಾವ ಎಷ್ಟು ಚೆನ್ನಾಗಿ ಗೊತ್ತಿತ್ತು! ಇದೇ ಊರಿನ ದುರ್ಗಗುಡಿಯ ಆನೆಬೆನ್ನಿನಂಥ ಗುಂಡು ಹಿಂಬದಿ (ಗಜಪೃಷ್ಠ) ಬಳಸಿದ ಕಂಬಸಾಲೂ, ಕವಿ ರವಿಕೀರ್ತಿಯ ಕ್ರಿ.ಶ. 634ರ ಶಾಸನ ಹೊತ್ತ ಮೇಗುತಿ ಗುಡಿಯ ಗೋಡೆಯೂ ನಿಂತಿರುವುದು ಅದುಮಿದರೆ ಕಲ್ಲು ತಾಳುತ್ತದೆಂಬ ಇದೇ ನಂಬಿಕೆಯ ಮೇಲೆ.

ಕಲ್ಲಿಗೆ ಕೂತಲ್ಲೇ ಕೆಲಸ. ಟೈರಿನ ನೂಲಿಗೆ ಆ ಪುರಸೊತ್ತಿಲ್ಲ. ಪಟ್ಟದಕಲ್ಲಿನ ಕಡೆ ಹೊರಟ ಕಾರು 60ರ ವೇಗಕ್ಕೆ ಬಂದರೆ ಗಾಲಿ ಸೆಕೆಂಡಿಗೆ ಹೆಚ್ಚುಕಡಿಮೆ 9 ಸುತ್ತು. ಒಂದೊಂದು ನೂಲೂ ಅಷ್ಟು ಸಲ ತಳಕ್ಕೆ ಬಂದು ಸಡಿಲಿ, ಮೇಲೇರಿ ಬಿಗಿಯುತ್ತದೆ. ಗಾಳಿ ಕಮ್ಮಿಯಾದರೆ ಈ ಬಾಗಾಟ ಹೆಚ್ಚಿ ಟೈರು ಕಾಯುತ್ತದೆ. ಹುಡುಗ ಉಳಿದ 3 ಗಾಲಿಗಳನ್ನೂ ಕೇಳದೆಯೇ ಗೇಜು ಹಚ್ಚಿ ನೋಡಿದ್ದು ಅದಕ್ಕೇ.