ಅರಸೀಕೆರೆಯಲ್ಲಿ ಒಂದು ಗಂಟೆ

ರೈಲಿನಲ್ಲಿ ಬಂದು ಬೇಲೂರು, ಹಳೇಬೀಡು ನೋಡುವವರು ಅರಸೀಕೆರೆ ಜಂಕ್ಷನ್ನಿನಲ್ಲಿ ಇಳಿದು, ಕಾಫಿ ಕುಡಿದು, ಸೀದಾ ಬಸ್ ಹತ್ತುವುದೇ ವಾಡಿಕೆ. ಊರೊಳಗೇ 1220ರ ಸುಮಾರಿನ ಹೊಯ್ಸಳ ಶಿವಾಲಯವಿರುವುದು ಹಲವರಿಗೆ ತಿಳಿಯದು. 2023ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ್ದು ಬೇಲೂರು, ಹಳೇಬೀಡು, ಸೋಮನಾಥಪುರ; ಅರಸೀಕೆರೆಯಲ್ಲ. ಆದರೆ ಇಲ್ಲಿನ ನಕ್ಷತ್ರಾಕಾರದ ತೆರೆದ ಮಂಟಪದಂಥದು ಆ ಮೂರೂ ಕಡೆ ಇಲ್ಲ.

ಶಾಲಾ ಪ್ರವಾಸದ ಮಕ್ಕಳಿಗೆ ಮೇಷ್ಟರ ಸೀಟಿಯೇ ಗಡಿಯಾರ. ತಾವೇ ಟಿಕೆಟ್ ಕೊಂಡು ಹೊರಟ ಕಾಲೇಜು ವಿದ್ಯಾರ್ಥಿಗಳಿಗೆ ಆ ಅವಸರವಿಲ್ಲ. ಈ ಪುಟ್ಟ ಗುಡಿಯಲ್ಲಿ ಕಣ್ಣು ಪಳಗಿದರೆ 1117ರ ಬೇಲೂರು ದೇಗುಲವೂ, ಅಲ್ಲಿಂದ 16 ಕಿ.ಮೀ. ದೂರದ ಹಳೇಬೀಡೂ ಬರೀ ಬೆರಗಾಗಿ ಉಳಿಯದೆ ಅರ್ಥವಾಗತೊಡಗುತ್ತವೆ. ಮಕ್ಕಳನ್ನು ತಾವಾಗಿ ಕಳಿಸಲು ಅಳುಕುವ ತಂದೆತಾಯಿಗೂ ಮೊದಲ ಪಾಠಕ್ಕೆ ಈ ದಾರಿ ಒಳ್ಳೆಯದು.