ಬೆಂಕಿಗೂ ಉಸಿರು ಬೇಕು

ಗ್ಯಾಸ್ ಸಿಲಿಂಡರ್ ಎಂದ ಕೂಡಲೇ ನಮ್ಮ ಕಣ್ಣ ಮುಂದೆ ಬರುವುದು ಅಡುಗೆಮನೆ. ಬರೀ ಚಳಿ ಕಾಯಿಸಿಕೊಳ್ಳಲು ಅದನ್ನು ಕೊಳ್ಳುವವರನ್ನು ನಾನು ಕಂಡದ್ದು 2023ರ ಜನವರಿಯಲ್ಲಿ, ಸ್ಪೇನ್ ದೇಶದ ಬಾರ್ಸಿಲೋನಾದಲ್ಲಿ. ಮಗಳು ಅಲ್ಲಿ ಸಂಶೋಧನೆ ಮಾಡುತ್ತಿದ್ದಳು. ನಾನೂ ನನ್ನಾಕೆಯೂ ಎರಡು ವಾರ ಅವಳ ಬಾಡಿಗೆ ಮನೆಯಲ್ಲಿದ್ದೆವು.

ಬಾರ್ಸಿಲೋನಾ ಸಮುದ್ರದ ದಂಡೆಯ ಊರು. ಹಿಮ ಬೀಳುವುದು ಅಪರೂಪ. ಆದರೂ ಜನವರಿಯ ರಾತ್ರಿ ಉಷ್ಣಾಂಶ 5 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಗಳದು ಹಳೆಯ ಕಟ್ಟಡದ ನಾಲ್ಕನೆಯ ಮಹಡಿ. ಲಿಫ್ಟ್ ಇಲ್ಲ, ಇಡೀ ಮನೆಯನ್ನು ಬೆಚ್ಚಗಿಡುವ ಏರ್ಪಾಡೂ ಇಲ್ಲ. ಇಂಥ ಮನೆಗಳಿಗೆ ಆಸರೆ 'ಬುತಾನೋ', ಅಂದರೆ ಬ್ಯೂಟೇನ್ ಅನಿಲದ ಕಿತ್ತಳೆ ಬಣ್ಣದ ಸಿಲಿಂಡರು. ಚಕ್ರವಿರುವ ಪುಟ್ಟ ಕಪಾಟಿನಂಥ ಹೀಟರಿನ ಬೆನ್ನಿಗೆ ಅದನ್ನು ಕೂರಿಸುತ್ತಾರೆ. ಮುಂಭಾಗದ ಪಿಂಗಾಣಿ ಬಿಲ್ಲೆಗಳು ಕೆಂಪಗೆ ಕಾಯುತ್ತವೆ.

ನಮ್ಮ ಸಿಲಿಂಡರಿನಲ್ಲಿರುವುದು 14.2 ಕಿಲೋ, ಪ್ರೋಪೇನ್ ಮತ್ತು ಬ್ಯೂಟೇನ್‌ಗಳ ಬೆರಕೆ. ಅವರದರಲ್ಲಿ 12.5 ಕಿಲೋ, ಬಹುಪಾಲು ಬ್ಯೂಟೇನ್. ಅದರ ಗರಿಷ್ಠ ಬೆಲೆಯನ್ನು ಸರ್ಕಾರವೇ ಗೊತ್ತುಮಾಡುತ್ತದೆ. ಉಷ್ಣಾಂಶ ಸೊನ್ನೆಗೆ ಇಳಿದರೆ ಬ್ಯೂಟೇನ್ ದ್ರವವಾಗಿಯೇ ಉಳಿದು ಒಲೆಗೆ ಬಾರದು. ಹಾಗಾಗಿ ಸಿಲಿಂಡರ್ ಮನೆಯೊಳಗೇ ಇರಬೇಕು. ಪ್ರೋಪೇನ್ ಆದರೋ ಸೊನ್ನೆಗಿಂತ 42 ಡಿಗ್ರಿ ಕೆಳಗಿನವರೆಗೂ ಅನಿಲವಾಗುತ್ತದೆ. ಕೊರೆಯುವ ಚಳಿಯ ಊರುಗಳಲ್ಲಿ ಮನೆಯ ಹೊರಗಿಡುವ ಸಿಲಿಂಡರುಗಳಿಗೆ ಅದೇ ಸರಿ.

ಮನೆಯೊಳಗೆ ಉರಿ ಎಂದಮೇಲೆ ಗಾಳಿಯ ಲೆಕ್ಕ ಹಾಕಲೇಬೇಕು. ಒಂದು ಕಿಲೋ ಬ್ಯೂಟೇನ್ ಉರಿಯಲು ಸುಮಾರು ಮೂರೂವರೆ ಕಿಲೋ ಆಮ್ಲಜನಕ ಬೇಕು. ಉರಿದಾಗ ಇಂಗಾಲದ ಡೈಆಕ್ಸೈಡಿನ ಜೊತೆಗೆ ಒಂದೂವರೆ ಲೀಟರ್ ನೀರೂ ಆವಿಯಾಗಿ ಹೊರಬರುತ್ತದೆ. ಒಂದು ಸಿಲಿಂಡರ್ ಮುಗಿಯುವಷ್ಟರಲ್ಲಿ ಕೋಣೆಗೆ ಒಂದು ಬಕೆಟ್ ನೀರು ಸುರಿದಂತೆ. ಮಗಳ ಮನೆಯ ಗೋಡೆಯ ಮೂಲೆಗಳಲ್ಲಿ ಕಪ್ಪಗೆ ಬೂಷ್ಟು ಹಿಡಿದಿತ್ತು. ಗಾಳಿಯಾಡಲೆಂದು ಗೋಡೆಯಲ್ಲಿ ಮಾಡಿದ್ದ ಜಾಲರಿಗೆ ಹಿಂದಿನ ಬಾಡಿಗೆದಾರರು ಪ್ಲಾಸ್ಟಿಕ್ ಪಟ್ಟಿ ಅಂಟಿಸಿ ಹೋಗಿದ್ದರು.

"ಅದನ್ನು ಕಿತ್ತುಬಿಡು ಪುಟ್ಟಿ" ಎಂದೆ.

"ಅಯ್ಯೋ, ಚಳಿಗಾಳಿ ನುಗ್ಗುತ್ತಪ್ಪಾ. ಗಾಳಿ ಕೆಟ್ಟರೆ ಹೀಟರ್ ತಾನೇ ಆರುತ್ತೆ, ಒಳಗೆ ಸಾಧನ ಇದೆ."

"ದುಡ್ಡು ಕೊಟ್ಟು ಮನೆ ಬಿಸಿ ಮಾಡೋದು, ಆಮೇಲೆ ತೂತು ತೆಗೆದು ಚಳಿ ಕರೆಯೋದು. ಇದ್ಯಾವ ಲೆಕ್ಕಾರೀ?" ಎಂದು ನನ್ನಾಕೆಯೂ ಸೇರಿಕೊಂಡಳು.

ಮೇಜಿನ ಮೇಲೆ ಮೇಣದ ಬತ್ತಿ ಹಚ್ಚಿ ಗಾಜಿನ ಲೋಟ ಬೋರಲು ಹಾಕಿದೆ. ಲೋಟದ ಒಳಮೈ ಮಂಜಾಯಿತು. ಜ್ವಾಲೆ ಕುಗ್ಗಿ ಆರಿತು. ಎಂಟನೆಯ ತರಗತಿಯ ಮಕ್ಕಳು ಬೆರಗಾಗುವ ಪ್ರಯೋಗ. ತಾಯಿ ಮಗಳು ಮಾತ್ರ ಜಗ್ಗಲಿಲ್ಲ.

ಮರುದಿನ ಬೀದಿಯಲ್ಲಿ ಸಿಲಿಂಡರಿಗೆ ಟಣ್ ಟಣ್ ಎಂದು ಬಡಿಯುವ ಸದ್ದು. ಬಾಲ್ಕನಿಯಿಂದ ಕೈಬೀಸಿ ಕರೆದೆವು. ಇಪ್ಪತ್ತೈದು ಕಿಲೋಗೂ ಮೀರಿದ ಭಾರವನ್ನು ಹೆಗಲಲ್ಲಿ ಹೊತ್ತು ಬಂದವನು ಪಾಕಿಸ್ತಾನದ ಪಂಜಾಬಿನ ಹುಡುಗ. ಆ ಊರಿನಲ್ಲಿ ಈ ಕೆಲಸ ಮಾಡುವವರಲ್ಲಿ ಪಾಕಿಸ್ತಾನದವರು ಬಹಳ. ಅವನ ಉರ್ದುವಿಗೂ ನನ್ನ ಹರಕು ಹಿಂದಿಗೂ ಹೇಗೋ ಹೊಂದಿಕೆಯಾಯಿತು. ನನ್ನಾಕೆ ಕೊಟ್ಟ ಚಹಾ ಕುಡಿಯುತ್ತಾ ಅವನು ಜಾಲರಿಯ ಕಡೆ ನೋಡಿದ.

"ಮಾಂಜೀ, ಅದನ್ನು ಮುಚ್ಚಬೇಡಿ. ನಾವು ಬಂದ ಮೊದಲ ಚಳಿಗಾಲ ಆರು ಜನ ಒಂದೇ ಕೋಣೆಯಲ್ಲಿ ಹೀಟರ್ ಹಚ್ಚಿ, ಕಿಟಕಿ ಮುಚ್ಚಿ ಮಲಗಿದ್ದೆವು. ಬೆಳಿಗ್ಗೆ ಎಲ್ಲರಿಗೂ ತಲೆ ಸಿಡಿಯುತ್ತಿತ್ತು. ಒಬ್ಬ ಏಳಲೇ ಇಲ್ಲ. ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ದೇವರು ದೊಡ್ಡವನು, ಬದುಕಿದ."

ಅವನು ಖಾಲಿ ಸಿಲಿಂಡರ್ ಹೊತ್ತು ಮೆಟ್ಟಿಲಿಳಿಯುವ ಮೊದಲೇ ಮಗಳು ಸ್ಟೂಲ್ ಹತ್ತಿ ಪಟ್ಟಿ ಕಿತ್ತಿದ್ದಳು.

ಆಮ್ಲಜನಕ ಸಾಲದೆ ಅರೆಬರೆ ಉರಿದಾಗ ಹುಟ್ಟುವುದು ಇಂಗಾಲದ ಮಾನಾಕ್ಸೈಡ್. ನಮ್ಮ ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಅದನ್ನು ಹಿಡಿದುಕೊಳ್ಳುತ್ತದೆ. ಸಿಲಿಂಡರಿನ ಅನಿಲ ಸೋರಿದರೆ ತಿಳಿಯಲೆಂದು ಕೆಟ್ಟ ವಾಸನೆಯ ರಾಸಾಯನಿಕ ಬೆರೆಸಿರುತ್ತಾರೆ. ಉರಿಯಿಂದ ಹುಟ್ಟುವ ಈ ವಿಷಕ್ಕೆ ವಾಸನೆಯೂ ಇಲ್ಲ, ಬಣ್ಣವೂ ಇಲ್ಲ. ವಾಸನೆ ಬಂದರೆ ಎದ್ದರಾಯಿತು ಎಂದು ಮಲಗುವವರಿಗೆ ಇದೇ ಗಂಡಾಂತರ.

ನಮ್ಮೂರಲ್ಲಿ ಅಂಥ ಹೀಟರ್ ಎಲ್ಲಿದೆ ಎನ್ನಬೇಡಿ. ಸ್ನಾನದ ಮನೆಯಲ್ಲಿ ಗ್ಯಾಸ್ ಗೀಸರ್ ಇದೆಯಲ್ಲ! ಕಿಟಕಿ ಬಾಗಿಲು ಭದ್ರಪಡಿಸಿ ಸ್ನಾನಕ್ಕೆ ಹೋದವರು ಹೊರಬಾರದೇ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಓದುತ್ತೇವೆ. ಬಚ್ಚಲೊಲೆಯ ಕಾಲದಲ್ಲಿ ಹೊಗೆ ಕಣ್ಣು ಉರಿಸಿ ನಮ್ಮನ್ನು ಹೊರಗಟ್ಟುತ್ತಿತ್ತು. ಗ್ಯಾಸಿಗೆ ಆ ಉಪಕಾರಬುದ್ಧಿ ಇಲ್ಲ. ಗೀಸರನ್ನು ಗಾಳಿಯಾಡುವ ಹೊರಗಿನ ಜಾಗದಲ್ಲಿ ಕೂರಿಸಿ, ಬಿಸಿನೀರನ್ನು ಮಾತ್ರ ಕೊಳವೆಯಲ್ಲಿ ಒಳಗೆ ತನ್ನಿ. ಸ್ವಲ್ಪ ಖರ್ಚಾಗಬಹುದು, ಆಗಲಿ.